ಎಲ್ಲರೂ ಸಮಾನರು ಅಂತ ಬರೆದವನ ಮನೇಲಿ ಗುಲಾಮರು

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್ ನೂರಾರು ಗುಲಾಮರನ್ನ ಇಟ್ಕೊಂಡಿದ್ದನಂತೆ. ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು ಅಂತ ಬರೆದವನೂ ಇವನೇ. ಇವನು ಬೂಟಾಟಿಕೆಯವನಾ, ಇಲ್ಲ ಆ ಕಾಲವೇ ಹಾಗಿತ್ತು ಅಂತ ಬಿಟ್ಬಿಡಬೇಕಾ?

ಉತ್ತರ: ನನ್ನ ಕೇಳಿದ್ರೆ ಎರಡೂ ಸಾಲಲ್ಲ. ಬೂಟಾಟಿಕೆಯವನು ಅಂದ್ರೆ ಹೊರಗೊಂದು ಒಳಗೊಂದು ಇರಬೇಕು, ಇವನು ಗುಲಾಮಗಿರಿ ಅನ್ಯಾಯ ಅಂತ ಬಹಿರಂಗವಾಗೂ ಹೇಳಿದ, ಖಾಸಗಿ ಪತ್ರಗಳಲ್ಲೂ ಕೊನೇತನಕ ಹೇಳ್ತಾನೇ ಇದ್ದ. 1776ರಲ್ಲಿ ಘೋಷಣೆ ಬರೆದಾಗ ಅವನಿಗೆ 33 ವರ್ಷ, ಕರಡಿನಲ್ಲಿ ಗುಲಾಮರ ವ್ಯಾಪಾರದ ಪಾಪವನ್ನೆಲ್ಲ ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ತಲೆಗೆ ಕಟ್ಟಿ ಖಾರವಾದ ಒಂದು ಪ್ಯಾರಾ ಹಾಕಿದ್ದ, ಕಾಂಗ್ರೆಸ್‌ನವರು, ಅಂದ್ರೆ ವಸಾಹತುಗಳ ಪ್ರತಿನಿಧಿಗಳ ಸಭೆಯವರು, ಅದನ್ನ ಕಿತ್ತುಹಾಕಿದ್ರು. ಸೌತ್ ಕೆರೊಲಿನಾ, ಜಾರ್ಜಿಯಾದವರು ಒಪ್ಪಲಿಲ್ಲ, ಗುಲಾಮರನ್ನ ಹಡಗಲ್ಲಿ ತಂದು ದುಡ್ಡು ಮಾಡಿದ್ದ ಉತ್ತರದವರಿಗೂ ಸ್ವಲ್ಪ ಚುಚ್ಚಿತು ಅಂತ ಇವನೇ ಆಮೇಲೆ ಬರೆದಿಟ್ಟಿದಾನೆ. 1784ರಲ್ಲಿ ಪಶ್ಚಿಮದ ಹೊಸ ಪ್ರದೇಶಗಳಲ್ಲಿ 1800ರ ನಂತರ ಗುಲಾಮಗಿರಿ ಇರಬಾರದು ಅಂತ ಪ್ರಸ್ತಾಪ ತಂದ, ಒಂದೇ ಒಂದು ವೋಟಲ್ಲಿ ಬಿದ್ದೋಯ್ತು. ಅಧ್ಯಕ್ಷ ಆದಾಗ 1807ರಲ್ಲಿ ಹೊರಗಿಂದ ಗುಲಾಮರನ್ನ ತರೋದನ್ನ ನಿಷೇಧಿಸೋ ಕಾನೂನಿಗೆ ಸಹಿ ಹಾಕಿದ.

ಇಷ್ಟು ಓದಿದ್ರೆ ಒಳ್ಳೆ ಮನುಷ್ಯ ಅನ್ಸುತ್ತೆ. ಈಗ ಅವನ ಲೆಕ್ಕದ ಪುಸ್ತಕ ತೆಗೀರಿ. ವರ್ಜೀನಿಯಾದಲ್ಲಿ ಅವನ ಮನೆ ಮಾಂಟಿಚೆಲ್ಲೊ, ಬೆಟ್ಟದ ಮೇಲೆ. 1794ರಲ್ಲಿ ಅಲ್ಲಿ ಮೊಳೆ ಮಾಡೋ ಕಮ್ಮಾರಸಾಲೆ ಶುರು ಮಾಡಿದ, ಕೆಲಸಕ್ಕೆ ಹತ್ತರಿಂದ ಹದಿನಾರು ವಯಸ್ಸಿನ ಗುಲಾಮ ಹುಡುಗರು. ಯಾವ ಹುಡುಗನಿಗೆ ಎಷ್ಟು ಕಬ್ಬಿಣದ ಸರಳು ಕೊಟ್ಟಿದ್ದು, ಅದರಲ್ಲಿ ಎಷ್ಟು ತೂಕದ ಮೊಳೆ ಬಂತು, ಎಷ್ಟು ವೇಸ್ಟ್ ಆಯ್ತು ಅಂತ ತೂಗಿ ಬರೆದಿಡೋನು, ಅದೂ ಯಾರೋ ಮೇಸ್ತ್ರಿ ಅಲ್ಲ, ಸ್ವತಃ ಈ ತತ್ವಜ್ಞಾನಿ. 1820ರ ಏಪ್ರಿಲ್‌ನಲ್ಲಿ ಒಂದು ಪತ್ರದಲ್ಲಿ, ತೋಳದ ಕಿವಿ ಹಿಡ್ಕೊಂಡಿದೀವಿ, ಹಿಡ್ಕೊಂಡಿರೋಕೂ ಆಗಲ್ಲ ಬಿಡೋಕೂ ಆಗಲ್ಲ ಅಂತ ಸಂಕಟ ತೋಡ್ಕೋತಾನೆ. ಅದೇ ಜೂನ್‌ನಲ್ಲಿ ಅಳಿಯನಿಗೆ ಬರೀತಾನೆ, ಎರಡು ವರ್ಷಕ್ಕೊಂದು ಮಗು ಹೆರೋ ಹೆಂಗಸು ತೋಟದ ಅತ್ಯುತ್ತಮ ಆಳಿಗಿಂತ ಹೆಚ್ಚು ಲಾಭ, ಯಾಕಂದ್ರೆ ಅವಳು ಕೊಡೋದು ಬಂಡವಾಳಕ್ಕೆ ಸೇರುತ್ತೆ ಅಂತ. ಎರಡು ತಿಂಗಳ ಅಂತರ ಅಷ್ಟೇ, ಅದೇ ಕೈ, ಅದೇ ಮೇಜು. ಒಂದನ್ನ ನಿಜವಾದ ಜೆಫರ್ಸನ್ ಅಂತ ಇಟ್ಕೊಂಡು ಇನ್ನೊಂದನ್ನ ವೇಷ ಅನ್ನೋಕೆ ಹೋದ್ರೆ ಅವನು ಅರ್ಥ ಆಗಲ್ಲ ಅಂತ ನನಗನ್ಸೋದು. ನನಗೆ ಕಾಣೋ ಪ್ಯಾಟರ್ನ್ ಏನಂದ್ರೆ, ಗುಲಾಮಗಿರಿ ಹೋಗಬೇಕು ಅನ್ನೋದು ಅವನಿಗೆ ಪ್ರಾಮಾಣಿಕವಾಗೇ ಬೇಕಿತ್ತು, ಆದ್ರೆ ಅದು ಕಾನೂನಿಂದ, ಮುಂದಿನ ಪೀಳಿಗೆಯಿಂದ, ಇನ್ಯಾರಿಂದಲೋ ಹೋಗಬೇಕು, ಅವನ ಮನೆ ಊಟ, ವೈನು, ಪುಸ್ತಕ, ಕಟ್ಟಡದ ಹುಚ್ಚು ಯಾವುದೂ ನಿಲ್ಲದೆ ಹೋಗಬೇಕು.

ಆ ಕಾಲ ಹಾಗಿತ್ತು ಅನ್ನೋ ವಾದಕ್ಕೆ ಅವನ ಅಕ್ಕಪಕ್ಕದವರೇ ಉತ್ತರ. 1782ರಲ್ಲೇ ವರ್ಜೀನಿಯಾದಲ್ಲಿ ಮಾಲೀಕ ಇಷ್ಟಪಟ್ರೆ ಗುಲಾಮರನ್ನ ಬಿಡುಗಡೆ ಮಾಡ್ಬಹುದು ಅಂತ ಕಾನೂನು ಬಂತು, ಬಿಡುಗಡೆ ಆದವರು ಒಂದು ವರ್ಷದೊಳಗೆ ರಾಜ್ಯ ಬಿಡಬೇಕು ಅನ್ನೋ ಕಟ್ಟುಪಾಡು ಬಂದಿದ್ದು 1806ರಲ್ಲಿ, ನಡುವೆ 24 ವರ್ಷ ಬಾಗಿಲು ತೆರೆದೇ ಇತ್ತು. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಹಳ ತಡ ಮಾಡಿದ ನಿಜ, ಆದ್ರೂ 1799ರ ವಿಲ್‌ನಲ್ಲಿ ತನ್ನ ಹೆಸರಲ್ಲಿದ್ದ ಗುಲಾಮರ ಬಿಡುಗಡೆ ಬರೆದಿಟ್ಟು ಸತ್ತ. ಎಡ್ವರ್ಡ್ ಕೋಲ್ಸ್ ಅನ್ನೋ ವರ್ಜೀನಿಯಾದ ಯುವಕ 1814ರಲ್ಲಿ ಜೆಫರ್ಸನ್‌ಗೆ ಪತ್ರ ಬರೆದು ನೀವು ಮುಂದೆ ನಿಂತು ಏನಾದ್ರೂ ಮಾಡಿ ಅಂತ ಬೇಡ್ಕೊಂಡ. ನನಗೆ ವಯಸ್ಸಾಯ್ತಪ್ಪ, ಇದು ನಿಮ್ಮಂಥ ಯುವಕರ ಕೆಲಸ, ಆದ್ರೆ ನಿನ್ನ ಗುಲಾಮರನ್ನ ಬಿಟ್ಟು ಹೋಗ್ಬೇಡ, ಚೆನ್ನಾಗಿ ನೋಡ್ಕೋ ಅನ್ನೋ ಥರ ಉತ್ತರ ಹೋಯ್ತು. ಕೋಲ್ಸ್ ಕೇಳಲಿಲ್ಲ, 1819ರಲ್ಲಿ ಎಲ್ಲರನ್ನೂ ಇಲಿನಾಯ್‌ಗೆ ಕರ್ಕೊಂಡೋಗಿ ದಾರೀಲಿ ಒಹಾಯೊ ನದಿ ಮೇಲೇ ನೀವಿನ್ನು ಸ್ವತಂತ್ರರು ಅಂತ ಹೇಳಿ, ಒಂದೊಂದು ಕುಟುಂಬಕ್ಕೆ 160 ಎಕರೆ ಜಮೀನೂ ಕೊಟ್ಟ, ಮುಂದೆ ಅಲ್ಲಿನ ಗವರ್ನರ್ ಕೂಡ ಆದ. ಜೆಫರ್ಸನ್ ಕಡೆ ಲೆಕ್ಕ ನೋಡಿ, ಜೀವನದುದ್ದಕ್ಕೂ ಅವನ ಒಡೆತನದಲ್ಲಿದ್ದವರು 600ಕ್ಕೂ ಹೆಚ್ಚು, ಬದುಕಿದ್ದಾಗ ಕಾಗದ ಮಾಡಿ ಬಿಡುಗಡೆ ಮಾಡಿದ್ದು ಇಬ್ಬರನ್ನ, ವಿಲ್‌ನಲ್ಲಿ ಐವರನ್ನ.

ಪ್ರಶ್ನೆ: ಅವನಿಗೆ ವಿಪರೀತ ಸಾಲ ಇತ್ತಲ್ವಾ? ಸಾಲಗಾರನ ಆಸ್ತಿ ಅವನ ಕೈಲಿರಲ್ಲ, ಬಿಡಬೇಕು ಅಂದ್ರೂ ಹೇಗೆ ಬಿಡೋಕಾಗ್ತಿತ್ತು?

ಉತ್ತರ: ಇತ್ತು, ಸತ್ತಾಗ ಲಕ್ಷ ಡಾಲರ್‌ಗೂ ಮೇಲೆ. ಮಾವನಿಂದ ಬಂದ ಸಾಲ ಒಂದಿಷ್ಟು, ಸ್ನೇಹಿತನಿಗೆ ಜಾಮೀನು ನಿಂತು ತಲೆ ಮೇಲೆ ಬಿದ್ದಿದ್ದು 20,000 ಡಾಲರ್, ಉಳಿದಿದ್ದರಲ್ಲಿ ಬೇಕಾದಷ್ಟು ಸ್ವಂತ ಖರ್ಚಿಂದು. ಸಾಲದಿಂದ ಕೈ ಕಟ್ಟಿತ್ತು ಅನ್ನೋದು ಸುಳ್ಳಲ್ಲ, ಆದ್ರೆ ಒಂದು ಸಲ ಆ ನೆಪವೂ ಇಲ್ಲದ ಅವಕಾಶ ಬಂದಿತ್ತು. ಪೋಲೆಂಡಿನ ವೀರ ಕೊಶ್ಚುಷ್ಕೊ ಅಮೆರಿಕದ ಯುದ್ಧದಲ್ಲಿ ಹೋರಾಡಿದವನು, 1798ರಲ್ಲಿ ವಿಲ್ ಬರೆದು, ಅಮೆರಿಕದಲ್ಲಿರೋ ನನ್ನ ದುಡ್ಡಲ್ಲಿ ಗುಲಾಮರನ್ನ ಬಿಡಿಸಿ ಓದಿಸಿ, ಬೇಕಿದ್ರೆ ನಿನ್ನವರನ್ನೇ ಬಿಡಿಸು ಅಂತ ಜೆಫರ್ಸನ್‌ನ ಕೈಗೆ ಜವಾಬ್ದಾರಿ ಕೊಟ್ಟ. ಅವನು 1817ರಲ್ಲಿ ತೀರ್ಕೊಂಡ ಮೇಲೆ ಜೆಫರ್ಸನ್ ವಯಸ್ಸಿನ ಕಾರಣ ಕೊಟ್ಟು ಜವಾಬ್ದಾರಿ ಬೇಡ ಅಂದ. ಆ ವಿಲ್‌ನಲ್ಲಿ ಕಾನೂನಿನ ತೊಡಕು ಇದ್ದದ್ದೂ ನಿಜ, ಆದ್ರೂ ಒಂದು ಪ್ರಯತ್ನವಾದ್ರೂ ಮಾಡ್ಬಹುದಿತ್ತು.

ಸಾಲ ಕೊನೆಗೆ ಯಾರು ತೀರಿಸಿದ್ರು ಗೊತ್ತಾ? 1827ರ ಜನವರಿಯಲ್ಲಿ ಮಾಂಟಿಚೆಲ್ಲೊದಲ್ಲಿ ನೂರಕ್ಕೂ ಹೆಚ್ಚು ಜನರನ್ನ ಹರಾಜಿಗಿಟ್ರು. ಕಮ್ಮಾರ ಜೋ ಫಾಸೆಟ್ ವಿಲ್ ಪ್ರಕಾರ ಬಿಡುಗಡೆ ಆಗೋನು, ಆದ್ರೆ ಅವನ ಹೆಂಡತಿ ಈಡಿತ್, ಅಧ್ಯಕ್ಷರ ಭವನದಲ್ಲಿ ಅಡುಗೆ ಕಲಿತು ಜೆಫರ್ಸನ್‌ಗೆ ಫ್ರೆಂಚ್ ಊಟ ಬಡಿಸಿದವಳು, ಅವಳೂ ಮಕ್ಕಳೂ ಹರಾಜಿಗೆ. ಮಗ ಪೀಟರ್‌ಗೆ ಆಗ ಹನ್ನೊಂದು ವರ್ಷ.

ಪ್ರಶ್ನೆ: ಅವನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಗೆ ಅವನಿಂದಲೇ ಮಕ್ಕಳಾದ್ರು ಅನ್ನೋ ಕತೆ ನಿಜಾನಾ, ವಿರೋಧಿಗಳು ಕಟ್ಟಿದ್ದಾ?

ಉತ್ತರ: 1802ರಲ್ಲಿ ಪತ್ರಿಕೇಲಿ ಬರೆದು ಗುಲ್ಲೆಬ್ಬಿಸಿದವನು ವಿರೋಧಿಯೇ, ಆದ್ರೆ ವಿಷಯ ಸುಳ್ಳಲ್ಲ. ಅವಳ ಮಗ ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಎಲ್ಲ ಹೇಳಿದ್ದ, ಆಗ ಇತಿಹಾಸಕಾರರು ನಂಬಲಿಲ್ಲ, 1998ರಲ್ಲಿ ಡಿಎನ್‌ಎ ಟೆಸ್ಟ್ ಬಂದ ಮೇಲೆ ಮಾಂಟಿಚೆಲ್ಲೊ ನಡೆಸೋ ಸಂಸ್ಥೆಯೇ 2000ದಲ್ಲಿ ಜೆಫರ್ಸನ್ನೇ ತಂದೆ ಆಗಿರೋ ಸಾಧ್ಯತೆ ಬಹಳ ಹೆಚ್ಚು ಅಂತು. ಅವಳು ಜೆಫರ್ಸನ್‌ನ ತೀರ್ಕೊಂಡ ಹೆಂಡತಿಯ ಮಲತಂಗಿ ಬೇರೆ, ಮಾವನಿಗೆ ಗುಲಾಮಳಲ್ಲಿ ಹುಟ್ಟಿದವಳು. 1787ರಲ್ಲಿ ಪ್ಯಾರಿಸ್‌ಗೆ ಹೋದಾಗ ಅವಳಿಗೆ 14, ಇವನಿಗೆ 44. ಇದನ್ನ ಪ್ರೇಮಕತೆ ಮಾಡೋ ಉತ್ಸಾಹ ಕೆಲವರಿಗಿದೆ, ಬೇಡ ಅನ್ನೋ ಅಧಿಕಾರವೇ ಇಲ್ಲದವಳ ವಿಷಯದಲ್ಲಿ ನನಗೆ ಆ ಮಾತು ಬಾಯಿಗೆ ಬರಲ್ಲ.

ಪ್ರಶ್ನೆ: ಹಾಗಾದ್ರೆ ಅವನು ಬರೆದ ಆ ಸಾಲಿಗೆ ಬೆಲೆ ಇದ್ಯಾ?

ಉತ್ತರ: ಇದೆ, ಬೆಲೆ ತಂದವರು ಬೇರೆಯವರು. ಬೆಂಜಮಿನ್ ಬ್ಯಾನೆಕರ್ ಅಂತ ಒಬ್ಬ ಸ್ವತಂತ್ರ ಕಪ್ಪು ಜನಾಂಗದ ಗಣಿತಜ್ಞ, ತಾನೇ ಲೆಕ್ಕ ಹಾಕಿದ ಪಂಚಾಂಗದ ಹಸ್ತಪ್ರತಿ ಜೊತೆ 1791ರಲ್ಲಿ ಜೆಫರ್ಸನ್‌ಗೆ ಪತ್ರ ಬರೆದು, ಅವನದೇ ಸಾಲನ್ನ ಎತ್ತಿ ತೋರಿಸಿ, ಹೀಗೆ ಬರೆದ ನೀವೇ ನನ್ನ ಸೋದರರನ್ನ ಮೋಸದಿಂದ, ಬಲಾತ್ಕಾರದಿಂದ ಹಿಡಿದಿಟ್ಟಿದ್ದೀರಲ್ಲ ಅಂತ ನೇರವಾಗಿ ಕೇಳಿದ. ಜೆಫರ್ಸನ್ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟ, ಪಂಚಾಂಗವನ್ನ ಪ್ಯಾರಿಸ್‌ನ ವಿದ್ವಾಂಸ ಕೊಂಡೋರ್ಸೆಗೂ ಕಳಿಸ್ದ. ಆಮೇಲೆ 1809ರಲ್ಲಿ ಸ್ನೇಹಿತನೊಬ್ಬನಿಗೆ ಬರೆಯುವಾಗ ಅವನದೇನು ದೊಡ್ಡ ಬುದ್ಧಿ ಅಲ್ಲ, ಯಾರೋ ಸಹಾಯ ಮಾಡಿರ್ಬೇಕು ಅಂತ ಕೈ ತೊಳ್ಕೊಂಡ. ಬ್ಯಾನೆಕರ್ ಮಾಡಿದ್ದನ್ನೇ ಮುಂದೆ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್, ಲಿಂಕನ್, ಮಾರ್ಟಿನ್ ಲೂಥರ್ ಕಿಂಗ್ ಎಲ್ಲರೂ ಮಾಡಿದ್ರು, ಬರೆದುಕೊಟ್ಟ ಸಾಲವನ್ನ ವಸೂಲಿ ಮಾಡೋ ಹಾಗೆ.

ಪ್ರಶ್ನೆ: ಗೋರಿಕಲ್ಲಿನ ಮೇಲೆ ಅಧ್ಯಕ್ಷ ಅಂತ ಬರೆಸ್ಲೇ ಇಲ್ವಂತೆ?

ಉತ್ತರ: ಹೌದು. ಸ್ವಾತಂತ್ರ್ಯ ಘೋಷಣೆ, ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು, ವರ್ಜೀನಿಯಾ ವಿಶ್ವವಿದ್ಯಾಲಯ, ಈ ಮೂರು ಸಾಕು, ಒಂದಕ್ಷರ ಜಾಸ್ತಿ ಬೇಡ ಅಂತ ಅವನೇ ಬರೆದಿಟ್ಟಿದ್ದ. ಸತ್ತಿದ್ದು 1826ರ ಜುಲೈ 4, ಘೋಷಣೆಗೆ ಸರಿಯಾಗಿ 50 ವರ್ಷ, ಅವನಿಗಿಂತ ಮುಂಚೆ ಅಧ್ಯಕ್ಷ ಆಗಿದ್ದ ಜಾನ್ ಆಡಮ್ಸ್ ಸತ್ತಿದ್ದೂ ಅದೇ ದಿನ. ಫ್ರಾನ್ಸಿನಿಂದ ಭೂಮಿ ಕೊಂಡ ಲೂಸಿಯಾನಾ ಖರೀದಿ ಬಗ್ಗೆ ಕೇಳಿದವರಿಗೆ ಮುಂದಿನ ಸಂಚಿಕೇಲಿ ಉತ್ತರ ಕೊಡ್ತೀನಿ, ಸಂವಿಧಾನದಲ್ಲಿ ಇಲ್ಲದ್ದನ್ನ ಸರ್ಕಾರ ಮಾಡಬಾರದು ಅಂತಿದ್ದವನು ಒಂದೂವರೆ ಕೋಟಿ ಡಾಲರ್ ಕೊಟ್ಟು ದೇಶವನ್ನ ಹೆಚ್ಚುಕಮ್ಮಿ ಎರಡರಷ್ಟು ಮಾಡಿದ್ದು ಹೇಗೆ ಅನ್ನೋದು ಇಲ್ಲಿ ಹಿಡಿಯಲ್ಲ.