ಪ್ರತಿಕ್ರಿಯೆ: ಕಥಾಸಂಕಲನವನ್ನು ನಾನೇ ಪ್ರಕಟಿಸಲೇ?

ಪ್ರಕಾಶಕರ ಉತ್ತರಕ್ಕೆ ಎಂಟು ತಿಂಗಳಿನಿಂದ ಕಾದಿದ್ದೇನೆ, ಉಡುಪಿಯಲ್ಲಿ ನಾನೇ 500 ಪ್ರತಿ ಅಚ್ಚು ಹಾಕಿಸಲೇ ಎಂದು ಕೇಳಿದ್ದೀರಿ. ಅಚ್ಚು ಹಾಕಿಸುವುದು ಕಷ್ಟವಲ್ಲ. ಐಎಸ್‌ಬಿಎನ್ ಎಂಬ, ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯೂ ಭಾರತದಲ್ಲಿ ಉಚಿತವಾಗಿಯೇ ಸಿಗುತ್ತದೆ. ಕಷ್ಟವಿರುವುದು ಮಾರಾಟದಲ್ಲಿ. ನನ್ನ ಮೊದಲ ಸಂಕಲನದ ಕಟ್ಟುಗಳನ್ನು ಮಂಗಳೂರಿನ ಮನೆಯ ಅಟ್ಟದಲ್ಲಿ ಇರಿಸಿದ್ದೆ. ಬಿಡುಗಡೆಯ ದಿನ ನೆಂಟರಿಷ್ಟರು ಕೊಂಡದ್ದನ್ನು ಬಿಟ್ಟರೆ ಉಳಿದವು ಒಂದೇ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು, ರಕ್ಷಾಪುಟಗಳು ಒಂದಕ್ಕೊಂದು ಅಂಟಿಕೊಂಡವು. ಅಂಗಡಿಯವರು ಕೇಳುವ ರಿಯಾಯಿತಿ, ಅಂಚೆ ವೆಚ್ಚ, ಕರಡು ತಿದ್ದುವವರ ಸಂಭಾವನೆ (ಇದರಲ್ಲಿ ಮಾತ್ರ ದಯವಿಟ್ಟು ಉಳಿತಾಯಕ್ಕೆ ಹೋಗಬೇಡಿ) ಎಲ್ಲವನ್ನೂ ನೀವೇ ಭರಿಸಬೇಕು. ಪ್ರಕಾಶಕರು ಒಪ್ಪಿದರೆ ಈ ಹೊರೆ ಇಳಿಯುತ್ತದೆಯಾದರೂ ಕರಾರುಪತ್ರವನ್ನು ಓದದೆ ಸಹಿ ಹಾಕಬೇಡಿ: ಹಕ್ಕು ವರ್ಗಾವಣೆಯ ಅವಧಿಯನ್ನು ಅದರಲ್ಲಿ ನಮೂದಿಸದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದನ್ನು 5 ವರ್ಷವೆಂದು ಪರಿಗಣಿಸಲಾಗುತ್ತದೆ. ನನ್ನನ್ನು ಕೇಳಿದರೆ, ಸದ್ಯಕ್ಕೆ 100 ಪ್ರತಿಗಳನ್ನಷ್ಟೇ ಡಿಜಿಟಲ್ ಮುದ್ರಣದಲ್ಲಿ ಮಾಡಿಸಿ, ಮಳೆಗಾಲಕ್ಕೆ ಮೊದಲೇ ಮಾರಿಬಿಡಿ.