ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಿಸುವ ಮುನ್ನ

ಪ್ರಶ್ನೆ: ನನ್ನ ಬಳಿ 1960ರ ದಶಕದ ಕಾರೊಂದಿದೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಇಲ್ಲ. ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತದೆ. ಉದ್ದದ ಇಳಿಜಾರಿನಲ್ಲಿ ನಾಲ್ಕೈದು ಬಾರಿ ಒತ್ತಿದ ಮೇಲಂತೂ ಪೆಡಲ್ ಗಟ್ಟಿಯಾಗಿದ್ದರೂ ವೇಗ ತಗ್ಗುವುದಿಲ್ಲ. ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್ ಹಾಕಿಸಬೇಕೆಂದಿದ್ದೇನೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ, ಈಗಿರುವ ಮಾಸ್ಟರ್ ಸಿಲಿಂಡರ್ ಸಾಕಾಗುತ್ತದೆಯೇ?

ಉತ್ತರ: ನೀವು ಹೇಳಿರುವ ಎರಡು ದೂರುಗಳಿಗೆ ಕಾರಣ ಬೇರೆ ಬೇರೆ. ಒಂದು ಕಡೆಗೆ ಎಳೆಯುವುದು ಡ್ರಮ್ ಬ್ರೇಕಿನ ಸ್ವಭಾವವಲ್ಲ, ಅದು ಕಾಯಿಲೆ. ಕಾರು ಎಡಕ್ಕೆ ಎಳೆದರೆ ಬಲ ಚಕ್ರ ಸರಿಯಾಗಿ ಹಿಡಿಯುತ್ತಿಲ್ಲದಿರುವ ಸಾಧ್ಯತೆ ಹೆಚ್ಚು, ಆದ್ದರಿಂದ ಮೊದಲು ಬಲಗಡೆಯ ಡ್ರಮ್ ಬಿಚ್ಚಿಸಿ. ಶೂಗಳನ್ನು (ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಕಮಾನುಗಳು) ತಳ್ಳುವ ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಹಿಂದಕ್ಕೆ ಸರಿಸಿ ನೋಡಿದಾಗ ಒಳಗೆ ಒದ್ದೆ ಕಂಡರೆ ಆ ಸಿಲಿಂಡರ್ ಸೋರುತ್ತಿದೆ ಎಂದರ್ಥ. ಒಣಗಿದ್ದರೂ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು. ಬ್ರೇಕ್ ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ರೂಢಿ ಕೆಲವರಲ್ಲಿದೆ, ದಯವಿಟ್ಟು ಅದಕ್ಕೆ ಒಪ್ಪಬೇಡಿ. ಎಡ ಬಲ ಎರಡೂ ಕಡೆಯ ಶೂಗಳನ್ನು ಒಟ್ಟಿಗೇ ಬದಲಿಸಬೇಕು. ಆ ಕಾಲದ ಲೈನಿಂಗುಗಳಲ್ಲಿ (ಶೂಗಳ ಮೇಲಿನ ಉಜ್ಜುವ ಪದರ) ಆಸ್ಬೆಸ್ಟಾಸ್ ಇರುತ್ತಿದ್ದುದರಿಂದ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕೆಂಬುದನ್ನೂ ಮೆಕ್ಯಾನಿಕ್‌ಗೆ ನೆನಪಿಸಿ.

ಇಳಿಜಾರಿನ ದೂರು ಮಾತ್ರ ನಿಜವಾಗಿಯೂ ಡ್ರಮ್ಮಿನದೇ. ಡ್ರಮ್ಮಿನೊಳಗೆ ಹುಟ್ಟಿದ ಶಾಖ ಬೇಗ ಹೊರಗೆ ಹೋಗಲಾರದು, ಲೈನಿಂಗ್ ಕಾದಷ್ಟೂ ಅದರ ಹಿಡಿತ ಕಡಿಮೆಯಾಗುತ್ತದೆ. ನಿಮ್ಮ ಪೆಡಲ್ ಗಟ್ಟಿಯಾಗಿಯೇ ಇರುವುದರಿಂದ ಇದು ಕಾದ ಲೈನಿಂಗಿನ ಲಕ್ಷಣವೆಂದು ಹೇಳಬಹುದು, ಏಕೆಂದರೆ ಬ್ರೇಕ್ ಆಯಿಲ್ ಕುದಿದಿದ್ದರೆ ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತಿತ್ತು. ಡಿಸ್ಕ್ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ. 1953ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಕಾರು ಸ್ಪರ್ಧೆಯನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದುದರ ಹಿಂದೆ ಈ ಗುಣವೂ ಇತ್ತು. 1955ರಲ್ಲಿ ಬಂದ ಸಿಟ್ರೊಯೆನ್ ಡಿಎಸ್ ಕಾರಿನ ಮುಂದಿನ ಚಕ್ರಗಳಿಗೂ ಡಿಸ್ಕುಗಳೇ ಇದ್ದವು. ಆದ್ದರಿಂದ ನಿಮ್ಮ ಆಸೆ ಸಕಾರಣವಾದುದೇ.

ಆದರೆ ಹಳೆಯ ಮಾಸ್ಟರ್ ಸಿಲಿಂಡರ್ ಸಾಕಾಗುವುದಿಲ್ಲ. ಡಿಸ್ಕನ್ನು ಪ್ಯಾಡುಗಳ ನಡುವೆ ಒತ್ತಿ ಹಿಡಿಯುವ ಕ್ಯಾಲಿಪರಿನ ಪಿಸ್ಟನ್ ವೀಲ್ ಸಿಲಿಂಡರಿನ ಪಿಸ್ಟನ್ನಿಗಿಂತ ಬಹಳ ದಪ್ಪವಿರುವುದರಿಂದ ಅದನ್ನು ಸರಿಸಲು ಹೆಚ್ಚು ಆಯಿಲ್ ಬೇಕಾಗುತ್ತದೆ. ಸಣ್ಣ ಮಾಸ್ಟರ್ ಸಿಲಿಂಡರ್ ಅಷ್ಟು ಆಯಿಲ್ ಕೊಡಲಾರದೆ ಪೆಡಲ್ ತಳ ಮುಟ್ಟುತ್ತದೆ. ಹಾಗೆಂದು ದೊಡ್ಡದನ್ನು ಹಾಕಿದರೆ ಪೆಡಲ್ ಭಾರವಾಗುತ್ತದೆ. ಡ್ರಮ್ ತಿರುಗುವಾಗ ಮುಂಚೂಣಿಯ ಶೂವನ್ನು ತಾನೇ ಒಳಗೆಳೆದುಕೊಂಡು ಬಿಗಿಯಾಗಿ ಒತ್ತಿಸುತ್ತದೆ. ಡಿಸ್ಕಿಗೆ ಆ ಗುಣವಿಲ್ಲದ ಕಾರಣ ಕಾಲಿನ ಬಲವೊಂದರಿಂದಲೇ ಕೆಲಸ ಸಾಗದು, ಬೂಸ್ಟರ್ ಬೇಕೆನಿಸುತ್ತದೆ. ಇನ್ನೊಂದು ಸೂಕ್ಷ್ಮವನ್ನು ಹಲವರು ಮರೆಯುತ್ತಾರೆ: ಅನೇಕ ಡ್ರಮ್ ಬ್ರೇಕುಗಳ ಮಾಸ್ಟರ್ ಸಿಲಿಂಡರಿನಲ್ಲಿ, ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಚದರ ಇಂಚಿಗೆ ಸುಮಾರು 10 ಪೌಂಡ್ ಒತ್ತಡ ಉಳಿಸುವ ಪುಟ್ಟ ವಾಲ್ವ್ ಇರುತ್ತದೆ. ಅಷ್ಟು ಒತ್ತಡ ಕ್ಯಾಲಿಪರಿನಲ್ಲಿ ಉಳಿದರೆ ಪ್ಯಾಡುಗಳು ಡಿಸ್ಕನ್ನು ಸದಾ ಉಜ್ಜುತ್ತಲೇ ಇದ್ದು, ಯಾವ ಶಾಖದಿಂದ ಪಾರಾಗಲು ಹೊರಟಿರೋ ಅದೇ ಮರಳಿ ಬರುತ್ತದೆ. ಹಾಗಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಕಾರಿಗೆಂದೇ ಮಾಡಿದ, ಎರಡು ಪ್ರತ್ಯೇಕ ಮಾರ್ಗಗಳ ಮಾಸ್ಟರ್ ಸಿಲಿಂಡರನ್ನು ಹಾಕಿಸುವುದೇ ಒಳ್ಳೆಯದು. ಒಂದು ಕಡೆ ಪೈಪು ಒಡೆದರೂ ಇನ್ನೊಂದು ಕಡೆಯ ಬ್ರೇಕ್ ಉಳಿಯುತ್ತದೆಯೆಂಬ ಕಾರಣಕ್ಕೇ ನಾನು ಇದನ್ನು ಒತ್ತಿ ಹೇಳುತ್ತೇನೆ.

ಬೂಸ್ಟರ್ ಬಂದ ಮೇಲೆ ಹಿಂದಿನ ಚಕ್ರಗಳಿಗೂ ಒತ್ತಡ ಹೆಚ್ಚಿ, ಜೋರಾಗಿ ಬ್ರೇಕ್ ಹಾಕಿದಾಗ ಅವು ಮೊದಲೇ ಬಿಗಿದು ಕಾರಿನ ಹಿಂಭಾಗ ಜಾರಬಹುದು. ಅದನ್ನು ತಡೆಯಲು ಹಿಂದಿನ ಪೈಪಿಗೆ ಒತ್ತಡ ತಗ್ಗಿಸುವ ವಾಲ್ವ್ ಬೇಕಾಗಬಹುದು. ಭಾಗಗಳನ್ನು ಆಯುವಾಗ, ನಿಮ್ಮ ಮಾದರಿಯ ನಂತರದ ಆವೃತ್ತಿಯಲ್ಲಿ ಕಂಪನಿಯೇ ಡಿಸ್ಕ್ ಕೊಟ್ಟಿದ್ದರೆ ಅದರ ಸ್ಟಬ್ ಆಕ್ಸಲ್ (ಚಕ್ರ ತಿರುಗುವ ಮೊಟಕು ಅಚ್ಚು), ಹಬ್ (ಚಕ್ರ ಕೂರುವ ನಡುಭಾಗ), ಕ್ಯಾಲಿಪರುಗಳನ್ನು ಇಡಿಯಾಗಿ ತನ್ನಿ, ಬೇರೆ ಬೇರೆ ಕಾರಿನ ತುಂಡುಗಳನ್ನು ಬೆಸುಗೆ ಹಾಕಿ ಜೋಡಿಸಬೇಡಿ. ಕ್ಯಾಲಿಪರಿಗೂ ರಿಮ್ಮಿಗೂ ನಡುವೆ ಜಾಗವಿದೆಯೇ ಎಂಬುದನ್ನು ಚಕ್ರ ತೊಡಿಸಿ, ಕೈಯಿಂದ ಪೂರ್ತಿ ಸುತ್ತು ತಿರುಗಿಸಿ ನೋಡಿಯೇ ಮುಂದುವರಿಯಿರಿ. 13 ಇಂಚಿನ ಚಕ್ರಗಳಲ್ಲಿ ಈ ತೊಂದರೆ ಸಾಮಾನ್ಯ.

ರಬ್ಬರ್ ಹೋಸುಗಳನ್ನು ಹೊಸದಾಗಿಯೇ ಹಾಕಿಸಿ, ಹಳೆಯವು ಒಳಗೇ ಊದಿಕೊಂಡು ಮುಚ್ಚಿರಬಹುದು. ಡಾಟ್ 4 ದರ್ಜೆಯ ಬ್ರೇಕ್ ಆಯಿಲಿಗೆ ಸಿಲಿಕೋನಿನ ಡಾಟ್ 5 ದರ್ಜೆಯದನ್ನು ಎಂದಿಗೂ ಬೆರೆಸಬಾರದು. ಪೈಪುಗಳೊಳಗಿನ ಗಾಳಿ ತೆಗೆದು ಮುಗಿದ ಮೇಲೆ ಒಬ್ಬರು ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿಯೊಂದು ಜೋಡಣೆಯನ್ನೂ ಬೆರಳಿನಿಂದ ಸವರಿ ನೋಡಲಿ. ಎಲ್ಲಿಯೂ ಒದ್ದೆ ತಾಗದೆ, ಪೆಡಲೂ ಇಳಿಯದೆ ನಿಂತರೆ ಮಾತ್ರ ಕಾರನ್ನು ಸಮತಟ್ಟಾದ ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಿ.