43ಕ್ಕ ಬಸಿರಾಗೀನಿ, ಇಬ್ಬರಿಗೂ ಎರಡನೇ ಮದುವಿ, ನನ್ನ ಮಗಳು ಪಿಯುಸಿ, ಅವ್ರ ಮಗ ಡಿಗ್ರಿ. ಮನ್ಯಾಗ ಹೆಂಗ ಹೇಳ್ಲಿ?

ಅಕ್ಕಾರ, ಮೊದ್ಲ ಡಾಕ್ಟರ್ ಕಡೆ ಹೋಗ್ರಿ, ಮುಟ್ಟು ನಿಲ್ಲೋ ವಯಸ್ಸು ಅಂತ ತಿಳ್ಕೊಂಡು ಭಾಳ ಮಂದಿ ತಡಾ ಮಾಡ್ತಾರ, ಆದ್ರ 40 ದಾಟಿದ ಮ್ಯಾಲ ಬಿಪಿ, ಶುಗರ್ ರಿಸ್ಕ್ ಜಾಸ್ತಿ, 11ರಿಂದ 13 ವಾರದಾಗ ಎನ್‌ಟಿ ಸ್ಕ್ಯಾನ್ (ಕೂಸಿನ ಕುತ್ತಿಗಿ ಹಿಂದಿನ ನೀರು ಅಳದು ಡೌನ್ ಸಿಂಡ್ರೋಮ್‌ದಂಥಾ ತೊಂದ್ರಿ ಸಾಧ್ಯತಾ ನೋಡೋ ಸ್ಕ್ಯಾನ್) ತಪ್ಪಿಸಬ್ಯಾಡ್ರಿ. ಕೂಸು ಬ್ಯಾಡ ಅನ್ಸಿದ್ರ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಪ್ರಕಾರ 20 ವಾರದ ತನಕ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು, ಗಂಡನ ಸಹಿ ಬೇಕಾಗಂಗಿಲ್ಲ.

ಇಟ್ಕೊಳ್ಳೋದಾದ್ರ ವಿಜಯಪುರದಂಥಾ ಊರಾಗ ಓಣಿ ಮಂದಿ ಬಾಯಿಂದ ಮಕ್ಕಳಿಗೆ ಗೊತ್ತಾಗಬಾರ್ದು, ಮಗಳಿಗೆ ನೀವ, ಮಗನಿಗೆ ಅವ್ರ ಅಪ್ಪನ, ಒಂದ ದಿನ ಕುಂದ್ರಿಸಿ ಹೇಳ್ರಿ. 'ಕೂಸು ನಾನ ನೋಡ್ಕೋಬೇಕೇನು, ನನ್ನ ರೂಮ್ ಹೋಗ್ತದೇನು' ಅಂತ ಹುಡುಗಿ ಕೇಳಬಹುದು, ಸಿಟ್ಟಾಗಬ್ಯಾಡ್ರಿ, ನೆಟ್ಟಗ ಉತ್ರ ಕೊಡ್ರಿ. 'ಇದು ನಮ್ಮಿಬ್ಬರ ಸ್ವಂತ ಕೂಸು' ಅನ್ನೋ ಮಾತು ಮಾತ್ರ ಯಾರ ಬಾಯಾಗೂ ಬರಬಾರ್ದು, ಅತ್ತಿಯವ್ರಿಗೂ ಹೇಳಿಡ್ರಿ, ದೊಡ್ಡ ಮಕ್ಕಳಿಗೆ ಅದು ಭಾಳ ಚುಚ್ಚತದ.